ಪಾರಣೆಯ ದಿನದ ಪರೀಕ್ಷೆ



ದಶಲಕ್ಷಣ ಪರ್ವದ ಕೊನೆಯಲ್ಲಿ, ಅನಂತ ಚತುರ್ದಶಿಯ ಅಭಿಷೇಕ ಪೂಜೆಗಳು ಮುಗಿದು, ಉಪವಾಸ ಹಿಡಿದವರೆಲ್ಲ ಬಸದಿಯ ಜಗುಲಿಯಲ್ಲಿ ಸ್ವಾಧ್ಯಾಯಕ್ಕೆ ಕುಳಿತಿದ್ದಾಗ, ಕಾಲೇಜಿನಲ್ಲಿ ಓದುವ ತರುಣನೊಬ್ಬನು ನನ್ನನ್ನು ಹೀಗೆ ಕೇಳಿದನು: "ಪಂಡಿತರೇ, ನಮ್ಮ ಅಜ್ಜಿ ಹತ್ತು ದಿನ ಉಪವಾಸ ಮಾಡಿದ್ದಾರೆ. ಅವರ ಆತ್ಮಕ್ಕೆ ಹಿತವಾಯಿತೆಂದು ಒಪ್ಪುತ್ತೇನೆ. ಆದರೆ ಅದರಿಂದ ಲೋಕದ ಅನ್ಯಾಯ ಎಳ್ಳಿನಷ್ಟಾದರೂ ಕಡಿಮೆಯಾಯಿತೇ? ಬಲಿಷ್ಠನು ದಬ್ಬಾಳಿಕೆ ನಡೆಸುವಾಗ ಹಸಿದ ಹೊಟ್ಟೆಯೂ ಮುಗಿದ ಕೈಯೂ ಏನು ಮಾಡಬಲ್ಲವು?"

ಹಿರಿಯರು ಅವನನ್ನು ಗದರಿಸಿದರು. ನಾನು ತಡೆದೆನು. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ, ಸಂಕಟವಿತ್ತು. ಅಂದು ಅವನಿಗೆ ಹೇಳಿದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ನಿವೇದಿಸುತ್ತಿದ್ದೇನೆ.

ಪುರಾಣದಿಂದ ಉತ್ತರ ಹೇಳಿದ್ದರೆ, ಅದು ಚತುರ್ಥ ಕಾಲದ ಮಾತು, ಇದು ಪಂಚಮ ಕಾಲ ಎಂದು ಅವನು ತಳ್ಳಿಹಾಕಬಹುದಾಗಿತ್ತು. ಆದುದರಿಂದ ಈ ಪಂಚಮ ಕಾಲದಲ್ಲಿಯೇ, ನಮ್ಮಲ್ಲಿ ಅನೇಕರು ಬದುಕಿದ್ದಾಗಲೇ ನಡೆದ ಸಂಗತಿಯೊಂದನ್ನು ಆರಿಸಿಕೊಂಡೆನು. 1986ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ, ಫಿಲಿಪೈನ್ಸ್ ದೇಶದ ರಾಜಧಾನಿಯಾದ ಮನಿಲಾ ನಗರದಲ್ಲಿ, ನಿರಾಯುಧ ಪ್ರಜೆಗಳು ನಾಲ್ಕು ದಿನ ಒಂದು ಹೆದ್ದಾರಿಯಲ್ಲಿ ನಿಂತು, 20 ವರ್ಷ ಆಳಿದ ಅಧ್ಯಕ್ಷನನ್ನು ಅಧಿಕಾರದಿಂದ ಇಳಿಸಿದರು. ಆ ಜನರು ಜೈನರಲ್ಲ. ಬಹುಪಾಲು ರೋಮನ್ ಕ್ಯಾಥೊಲಿಕ್ ಕ್ರೈಸ್ತರು. ಅವರ ಆಹಾರ ನಮ್ಮದಲ್ಲ, ಅವರ ಆರಾಧನೆ ನಮ್ಮದಲ್ಲ. ಅವರನ್ನು ಅಣುವ್ರತಿಗಳೆಂದು ಕರೆಯುವ ಉದ್ದೇಶವೂ ನನಗಿಲ್ಲ. ಆದರೆ ದೀಪವನ್ನು ಯಾರ ಮನೆಯಲ್ಲಿ ಹಚ್ಚಿದರೂ ಅದು ಬೆಳಗುವಂತೆ, ಸಂಯಮವು ಯಾರಲ್ಲಿ ನೆಲೆಸಿದರೂ ತನ್ನ ಗುಣವನ್ನು ತೋರದೆ ಇರದು. ಆ ಗುಣವನ್ನೂ, ಅದು ಎಲ್ಲಿ ಸೋತಿತೆಂಬುದನ್ನೂ ನೋಡೋಣ.

ಮೂರ್ಛೆಯ ಆಳ್ವಿಕೆ

ಫರ್ಡಿನಾಂಡ್ ಮಾರ್ಕೋಸರು 1965ರಲ್ಲಿ ಜನರ ಮತದಿಂದಲೇ ಅಧ್ಯಕ್ಷರಾದರು. 1969ರಲ್ಲಿ ಮರಳಿ ಆಯ್ಕೆಯಾದರು. ಅಲ್ಲಿನ ಸಂವಿಧಾನದಂತೆ ಅದಕ್ಕಿಂತ ಹೆಚ್ಚು ಕಾಲ ಆ ಪೀಠದಲ್ಲಿ ಕೂಡುವಂತಿರಲಿಲ್ಲ. ಅವಧಿ ಮುಗಿಯುವ ಮೊದಲೇ, 1972ರ ಸೆಪ್ಟೆಂಬರಿನಲ್ಲಿ, ಅವರು ದೇಶದ ಮೇಲೆ ಸೈನಿಕ ಶಾಸನವನ್ನು ಹೇರಿದರು. ಸಂಸತ್ತು ಮುಚ್ಚಿತು, ಪತ್ರಿಕೆಗಳು ನಿಂತವು, ಸಾವಿರಾರು ಜನ ಸೆರೆಮನೆ ಸೇರಿದರು. 1981ರಲ್ಲಿ ಆ ಶಾಸನವನ್ನು ಹೆಸರಿಗೆ ಹಿಂತೆಗೆದುಕೊಂಡರೂ ಅಧಿಕಾರದ ಹಿಡಿತ ಸಡಿಲವಾಗಲಿಲ್ಲ.

ವಸ್ತುವಿಗಿಂತ ವಸ್ತುವಿನ ಮೇಲಣ ಮೂರ್ಛೆಯನ್ನೇ ನಮ್ಮ ಆಚಾರ್ಯರು ಪರಿಗ್ರಹವೆಂದು ಹೇಳಿದ್ದಾರೆ. ಅಧಿಕಾರಕ್ಕೂ ಈ ಮಾತು ಸಲ್ಲುತ್ತದೆ. ಅಧಿಕಾರದ ಮೂರ್ಛೆ ಬಂದವನಿಗೆ ಧನದ ಮೂರ್ಛೆ ಬಾರದಿರುವುದು ಅಪರೂಪ. ಮಾರ್ಕೋಸರು ದೇಶ ಬಿಟ್ಟ ಮೇಲೆ ಅರಮನೆಯನ್ನು ಹೊಕ್ಕವರು ಅವರ ಪತ್ನಿಯ ಕೋಣೆಗಳಲ್ಲಿ ಸಾವಿರಕ್ಕೂ ಹೆಚ್ಚು ಜೊತೆ ಪಾದರಕ್ಷೆಗಳನ್ನು ಕಂಡರು. ಅದನ್ನು ಲೋಕವೆಲ್ಲ ನಗುತ್ತ ಓದಿತು. ನಗಲಾರದ ಸಂಗತಿಯೂ ಇದೆ. ಸ್ವಿಟ್ಜರ್ಲೆಂಡಿನ ಬ್ಯಾಂಕುಗಳಲ್ಲಿ ಆ ಕುಟುಂಬದ್ದೆಂದು ಕಂಡುಬಂದ ಸುಮಾರು 65 ಕೋಟಿ 80 ಲಕ್ಷ ಡಾಲರುಗಳನ್ನು ಅಕ್ರಮ ಸಂಪಾದನೆಯೆಂದು ನಿರ್ಣಯಿಸಿ, ಅದು ಸರ್ಕಾರಕ್ಕೆ ಸೇರಬೇಕೆಂದು ಫಿಲಿಪೈನ್ಸಿನ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಪು ಕೊಟ್ಟಿತು. ಅದು ಬಡ ದೇಶದ ಹಣವಾಗಿತ್ತು.

ನಲವತ್ತು ದಿನಗಳ ಉಪವಾಸ

ಸೈನಿಕ ಶಾಸನ ಬಂದ ಕೂಡಲೇ ಸೆರೆಯಾದವರಲ್ಲಿ ವಿರೋಧ ಪಕ್ಷದ ನಾಯಕರಾದ ಬೆನಿಗ್ನೋ ಅಕಿನೋ ಒಬ್ಬರು. ಜನರು ಅವರನ್ನು ಪ್ರೀತಿಯಿಂದ ನಿನೋಯ್ ಎನ್ನುತ್ತಿದ್ದರು. ಚತುರರು, ವಾಚಾಳಿಗಳು, ಶ್ರೀಮಂತ ಮನೆತನದವರು. ಅಧ್ಯಕ್ಷ ಪದವಿಯ ಮೇಲೆ ಅವರಿಗೂ ಕಣ್ಣಿತ್ತು. ಏಕಾಂತ ಸೆರೆವಾಸವು ಅವರನ್ನು ಒಳಗಿನಿಂದ ಬದಲಿಸಿತು. ನಾಗರಿಕರನ್ನು ಸೈನಿಕ ನ್ಯಾಯಮಂಡಲಿ ವಿಚಾರಿಸುವುದು ಅನ್ಯಾಯವೆಂದು ಸಾರಿ, 1975ರ ಏಪ್ರಿಲ್ 4ರಂದು ಅವರು ಸೆರೆಮನೆಯಲ್ಲಿಯೇ ಉಪವಾಸವನ್ನು ಆರಂಭಿಸಿದರು. ಅದು 40 ದಿನಗಳವರೆಗೆ ಮುಂದುವರಿಯಿತು.

ಇದು ತಪಸ್ಸೇ ಎಂದು ನೀವು ಕೇಳಬಹುದು. ಅನಶನವು ನಮ್ಮಲ್ಲಿ ಆರು ಬಾಹ್ಯ ತಪಗಳಲ್ಲಿ ಮೊದಲನೆಯದು. ಚತುರ್ವಿಧ ಆಹಾರದ ತ್ಯಾಗವೇ ಉಪವಾಸ. ಅಕಿನೋ ಅವರು ನೀರನ್ನೂ ಉಪ್ಪಿನ ಗುಳಿಗೆಗಳನ್ನೂ ಸೇವಿಸುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಅವರ ಉಪವಾಸಕ್ಕೆ ಒಂದು ಲೌಕಿಕ ಬೇಡಿಕೆಯಿತ್ತು. ಮಾಯೆ, ಮಿಥ್ಯೆ, ನಿದಾನ ಎಂಬ ಮೂರು ಶಲ್ಯಗಳಿಂದ ಮುಕ್ತನಾದವನೇ ವ್ರತಿಯೆಂದು ನಮ್ಮ ಆಗಮ ಹೇಳುವಾಗ, ಫಲವನ್ನು ಬಯಸಿ ಕೈಗೊಂಡ ಉಪವಾಸವನ್ನು ಕರ್ಮನಿರ್ಜರೆಯ ತಪಸ್ಸೆಂದು ನಾವು ಕರೆಯಲಾರೆವು. ಇದನ್ನು ಸ್ಪಷ್ಟವಾಗಿ ಹೇಳದೆ ಹೊಗಳಿದರೆ ಶಾಸ್ತ್ರಕ್ಕೆ ಅಪಚಾರವಾದೀತು. ಆದರೂ ಒಂದು ಭೇದವನ್ನು ಗಮನಿಸಬೇಕು. ತನ್ನ ಶತ್ರುವಿನ ಅನ್ನವನ್ನು ಕಸಿಯದೆ, ತನ್ನ ಅನ್ನವನ್ನೇ ಬಿಟ್ಟು ಸತ್ಯವನ್ನು ಹೇಳುವುದು ಸಂಯಮದ ದಾರಿ. ಅದು ಮೋಕ್ಷದ ಬಾಗಿಲವರೆಗೆ ಹೋಗಲಿಲ್ಲ. ಆದರೆ ಹಿಂಸೆಯ ಬಾಗಿಲಿನಿಂದ ಹಿಂದಿರುಗಿತು.

ಇಲ್ಲಿ ನಮಗೂ ಆ ದೇಶಕ್ಕೂ ಇರುವ ಒಂದು ಸೂಕ್ಷ್ಮ ಸಂಬಂಧವನ್ನು ನೆನೆಯಬಹುದು. 1983ರಲ್ಲಿ ಅಕಿನೋ ಅವರು ದೇಶಕ್ಕೆ ಮರಳುವಾಗ ಓದಲೆಂದು ಬರೆದಿಟ್ಟುಕೊಂಡಿದ್ದ ಹೇಳಿಕೆಯಲ್ಲಿ ಮಹಾತ್ಮಾ ಗಾಂಧಿಯವರ ಹೆಸರಿತ್ತು. ಆ ಗಾಂಧಿಯವರು 1888ರಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ, ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟೆನೆಂದು ಅವರಿಂದ ತಾಯಿಯ ಎದುರಿನಲ್ಲಿ ಪ್ರತಿಜ್ಞೆ ಮಾಡಿಸಿದವರು ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು. ಮುಂದೆ ಅವರ ಸಂದೇಹಗಳನ್ನು ಪರಿಹರಿಸಿದವರು ಶ್ರೀಮದ್ ರಾಜಚಂದ್ರರು. ಮನೆಯೊಂದರಲ್ಲಿ ತಾಯಿಯ ಸಮಾಧಾನಕ್ಕಾಗಿ ಸ್ವೀಕರಿಸಿದ ವ್ರತದ ಪ್ರಭಾವವು ಎಲ್ಲಿಯವರೆಗೆ ಹರಿದೀತೆಂದು ವ್ರತ ಕೊಟ್ಟವರೂ ಅರಿಯರು, ಪಡೆದವರೂ ಅರಿಯರು.

ಆ 40 ದಿನಗಳ ಉಪವಾಸದಿಂದ ಅಂದು ಏನು ಫಲ ದೊರಕಿತು? ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. 1977ರ ನವೆಂಬರಿನಲ್ಲಿ ಅದೇ ಸೈನಿಕ ನ್ಯಾಯಮಂಡಲಿಯು ಅವರಿಗೆ ಮರಣದಂಡನೆ ವಿಧಿಸಿತು. ದಂಡನೆ ಜಾರಿಯಾಗಲಿಲ್ಲ. 1980ರಲ್ಲಿ ಹೃದಯದ ಚಿಕಿತ್ಸೆಗಾಗಿ ಅವರನ್ನು ಅಮೆರಿಕಕ್ಕೆ ಹೋಗಗೊಟ್ಟರು. ಪ್ರಾಣಭಯವಿದೆಯೆಂದು ತಿಳಿದೂ 1983ರ ಆಗಸ್ಟ್ 21ರಂದು ಅವರು ಮನಿಲಾಕ್ಕೆ ಮರಳಿದರು. ಸೈನಿಕರು ವಿಮಾನದಿಂದ ಇಳಿಸಿ ಕರೆದೊಯ್ಯುತ್ತಿರುವಾಗಲೇ ಗುಂಡಿಗೆ ಬಲಿಯಾದರು. ಶವಯಾತ್ರೆಯಲ್ಲಿ ಲಕ್ಷಾಂತರ ಜನರು ನಡೆದರು.

ಬದ್ಧವಾದ ಕರ್ಮವು ಕೂಡಲೇ ಉದಯಕ್ಕೆ ಬರುವುದಿಲ್ಲ, ಅದಕ್ಕೆ ಅಬಾಧಾಕಾಲವಿದೆ. ಒಬ್ಬನ ಕರ್ಮವನ್ನು ಇನ್ನೊಬ್ಬನು ಉಣ್ಣುವುದಿಲ್ಲವಾದ್ದರಿಂದ ಇದನ್ನು ಉಪಮಾನವಾಗಿ ಮಾತ್ರ ಹೇಳುತ್ತಿದ್ದೇನೆ. 1975ರ ಹಸಿವಿಗೆ 1986ರವರೆಗೆ ಅಬಾಧಾಕಾಲವಿತ್ತು. ಉಪವಾಸ ಮಾಡಿ ಮರುದಿನವೇ ಫಲ ಕಾಣದೆಂದು ಬೇಸರಪಡುವವರು ಈ 11 ವರ್ಷಗಳನ್ನು ನೆನೆಯಬೇಕು.

ಧಾರಣೆಯ ದಿನ

ಪ್ರೋಷಧೋಪವಾಸದ ಕ್ರಮ ನಿಮಗೆ ತಿಳಿದಿದೆ. ಅಷ್ಟಮಿಯ ಅಥವಾ ಚತುರ್ದಶಿಯ ಉಪವಾಸವು ಆ ದಿನವೇ ಆರಂಭವಾಗುವುದಿಲ್ಲ. ಹಿಂದಿನ ದಿನ ಏಕಭುಕ್ತ, ಮರುದಿನ ಏಕಭುಕ್ತ. ಮೊದಲನೆಯದು ಧಾರಣೆ, ಕೊನೆಯದು ಪಾರಣೆ. ಧಾರಣೆಯಿಲ್ಲದ ಉಪವಾಸವು ತಳಪಾಯವಿಲ್ಲದ ಗೋಡೆ.

ಮನಿಲಾದ ಜನರಿಗೂ ಧಾರಣೆಯಿತ್ತು. ಅಕಿನೋ ಅವರ ಹತ್ಯೆಯ ಬಳಿಕ ಸೇಡಿನ ಮಾತುಗಳು ಎದ್ದವು. ಬೆಟ್ಟಗಳಲ್ಲಿ ಶಸ್ತ್ರ ಹಿಡಿದ ಬಂಡಾಯಗಾರರು ಮೊದಲೇ ಇದ್ದರು. ಆ ಸಂದರ್ಭದಲ್ಲಿ, 1984ರಲ್ಲಿ, ಫ್ರಾನ್ಸಿನ ಜಾನ್ ಗಾಸ್ ಮತ್ತು ಅವರ ಪತ್ನಿ ಆಸ್ಟ್ರಿಯದ ಹಿಲ್ಡೆಗಾರ್ಡ್ ಗಾಸ್ ಮಾಯರ್ ಎಂಬ ಅಹಿಂಸಾವಾದಿ ದಂಪತಿಗಳು ಅಲ್ಲಿಗೆ ಬಂದು ಬಿಷಪ್ಪರು, ಪಾದ್ರಿಗಳು, ಸಂನ್ಯಾಸಿನಿಯರು, ಕಾರ್ಮಿಕರು, ರೈತರು ಇವರಿಗೆ ಶಿಬಿರಗಳನ್ನು ನಡೆಸಿದರು. ಅವರ ಬೋಧನೆಯ ತಿರುಳು ನಮಗೆ ಹೊಸದಲ್ಲ: ಹಿಂಸೆಯ ಬೀಜವು ಅರಮನೆಯಲ್ಲಿ ಮಾತ್ರವಲ್ಲ, ನಮ್ಮೊಳಗೂ ಇದೆ, ಪ್ರತಿಯೊಬ್ಬನೂ ತನ್ನ ಹೃದಯದ ಸರ್ವಾಧಿಕಾರಿಯನ್ನು ಕಿತ್ತೊಗೆಯದೆ ಹೊರಗಿನದೇನೂ ಬದಲಾಗದು. ಅದನ್ನು ನಾವು ಕಷಾಯವೆನ್ನುತ್ತೇವೆ. ಅದೇ ವರ್ಷ ಪಾದ್ರಿ ಹೋಸೆ ಬ್ಲಾಂಕೋ ಅವರ ಮುಂದಾಳುತನದಲ್ಲಿ ಶಾಂತಿ ನ್ಯಾಯಗಳಿಗಾಗಿ ಅಕ್‌ಕಾಪ್‌ಕಾ ಎಂಬ ಸಂಘ ಹುಟ್ಟಿತು. ಅದು ಊರೂರುಗಳಲ್ಲಿ ತರಬೇತಿ ನೀಡಿತು. ಚುನಾವಣೆಯ ಕಾಲದಲ್ಲಿ ಜನನಿಬಿಡ ಸ್ಥಳಗಳಲ್ಲಿ, ಮನಿಲಾದ ಬ್ಯಾಂಕುಗಳ ಕೇರಿಯಲ್ಲಿಯೂ ಸಹ, ಪ್ರಾರ್ಥನೆಯ ಗುಡಾರಗಳನ್ನು ಹಾಕಿ, ಸರದಿಯಂತೆ ಹಗಲಿರುಳು ಉಪವಾಸ ಪ್ರಾರ್ಥನೆಗಳನ್ನು ನಡೆಸಿತು. ಹೆದ್ದಾರಿಯಲ್ಲಿ ಕಂಡುಬಂದ ನಾಲ್ಕು ದಿನಗಳ ಶಾಂತಿಯ ಹಿಂದೆ ಇಂತಹ ಎರಡು ವರ್ಷಗಳ ಅಭ್ಯಾಸವಿತ್ತು.

ಕೂಟಲೇಖವನ್ನು ಬರೆಯೆವೆಂದವರು

1986ರ ಫೆಬ್ರವರಿ 7ರಂದು ಮಾರ್ಕೋಸರು ತಾವೇ ಅವಸರದಿಂದ ಕರೆದ ಚುನಾವಣೆ ನಡೆಯಿತು. ಎದುರಾಳಿ ಅಕಿನೋ ಅವರ ವಿಧವೆ ಕೊರಾಜಾನ್ ಅಕಿನೋ. ತನ್ನನ್ನು ಗೃಹಿಣಿಯೆಂದೇ ಕರೆದುಕೊಳ್ಳುತ್ತಿದ್ದ ಹೆಣ್ಣುಮಗಳು. ಸುಮಾರು 5 ಲಕ್ಷ ಸ್ವಯಂಸೇವಕರು ಮತಗಟ್ಟೆಗಳನ್ನು ಕಾದರು. ಮತಪೆಟ್ಟಿಗೆಗಳ ಸುತ್ತ ಕೈ ಕೈ ಹಿಡಿದು ನಿಂತರು. ಆದರೂ ಬೆದರಿಕೆ, ಹಣ, ಕಳ್ಳ ಎಣಿಕೆ ಎಲ್ಲವೂ ನಡೆದವು.

ಫೆಬ್ರವರಿ 9ರ ರಾತ್ರಿ, ಚುನಾವಣಾ ಆಯೋಗದ ಎಣಿಕೆಯ ಕೇಂದ್ರದಲ್ಲಿ ಗಣಕಯಂತ್ರಗಳ ಮುಂದೆ ಕುಳಿತಿದ್ದ ಸುಮಾರು 35 ಮಂದಿ ನೌಕರರು, ಅವರಲ್ಲಿ ಹೆಚ್ಚಿನವರು ಸ್ತ್ರೀಯರು, ತಾವು ತುಂಬಿದ ಅಂಕಿಗಳಿಗೂ ಫಲಕದ ಮೇಲೆ ಕಾಣುವ ಅಂಕಿಗಳಿಗೂ ಹೊಂದಿಕೆಯಿಲ್ಲದಿರುವುದನ್ನು ಕಂಡರು. ಅವರು ಕೂಗಾಡಲಿಲ್ಲ, ಯಂತ್ರಗಳನ್ನು ಒಡೆಯಲಿಲ್ಲ. ತಮ್ಮ ಕಾಗದಗಳನ್ನು ತೆಗೆದುಕೊಂಡು ಎದ್ದು ಹೊರನಡೆದರು. ಆ ರಾತ್ರಿ ಒಂದು ಚರ್ಚಿನಲ್ಲಿ ಆಶ್ರಯ ಪಡೆದರು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಸುಳ್ಳು ಬರಹ, ಸುಳ್ಳು ಲೆಕ್ಕ. ನಮ್ಮಲ್ಲಿ ವ್ಯಾಪಾರಿಗಳಿದ್ದಾರೆ, ಗುಮಾಸ್ತರಿದ್ದಾರೆ, ಸರ್ಕಾರಿ ನೌಕರರಿದ್ದಾರೆ. "ಮೇಲಿನವರು ಬರೆಯೆಂದರು, ಬರೆದೆನು, ಪಾಪ ಅವರದು" ಎಂಬ ಮಾತನ್ನು ನಾವು ಎಷ್ಟು ಸಲ ಹೇಳಿಲ್ಲ! ಕೃತ, ಕಾರಿತ, ಅನುಮೋದನೆ ಮೂರರಲ್ಲಿಯೂ ಆಸ್ರವವಿದೆಯೆಂದು ನಾವೇ ಪಾಠ ಹೇಳುತ್ತೇವೆ. ಆ ಹೆಣ್ಣುಮಕ್ಕಳು ಅದನ್ನು ಓದಿರಲಿಲ್ಲ, ಆಚರಿಸಿದರು. ದಬ್ಬಾಳಿಕೆಯ ರಾಜ್ಯವು ಬಂದೂಕಿನಿಂದ ನಿಲ್ಲುವುದಕ್ಕಿಂತ ಹೆಚ್ಚಾಗಿ, ಸುಳ್ಳು ಲೆಕ್ಕ ಬರೆಯಲು ಒಪ್ಪುವ ಸಾಮಾನ್ಯ ಕೈಗಳಿಂದ ನಿಲ್ಲುತ್ತದೆ. ಆ ಕೈಗಳು ಹಿಂತೆಗೆದಾಗ ಅದು ಅಲುಗುತ್ತದೆ.

ಮೋಸದಿಂದ ಬಂದ ಸರ್ಕಾರಕ್ಕೆ ನೈತಿಕ ಆಧಾರವಿಲ್ಲವೆಂದು ಅಲ್ಲಿನ ಬಿಷಪ್ಪರ ಮಂಡಲಿ ಸಾರಿತು. ಆದರೂ ಶಾಸನಸಭೆಯು ಫೆಬ್ರವರಿ 15ರಂದು ಮಾರ್ಕೋಸರೇ ಗೆದ್ದರೆಂದು ಘೋಷಿಸಿತು. ಮರುದಿನ ಲಕ್ಷಾಂತರ ಜನರ ಸಭೆಯಲ್ಲಿ ಕೊರಾಜಾನ್ ಅಕಿನೋ ಅವರು ಶಸ್ತ್ರ ಹಿಡಿಯಿರೆನ್ನಲಿಲ್ಲ, ತ್ಯಾಗ ಮಾಡಿರೆಂದರು. ಅಧ್ಯಕ್ಷರ ಆಪ್ತರ ಬ್ಯಾಂಕುಗಳಿಂದ ನಿಮ್ಮ ಹಣವನ್ನು ತೆಗೆಯಿರಿ, ಅವರ ಪತ್ರಿಕೆಗಳನ್ನು ಕೊಳ್ಳಬೇಡಿರಿ, ಅವರ ಕಾರ್ಖಾನೆಗಳ ಪಾನೀಯಗಳನ್ನು ಕುಡಿಯಬೇಡಿರಿ. ಭೋಗೋಪಭೋಗ ಪರಿಮಾಣವೆಂಬ ಶಿಕ್ಷಾವ್ರತವನ್ನು ಬಲ್ಲ ನಮಗೆ ಇದರ ಬಲ ತಿಳಿಯಬೇಕು. ಬೇಡವೆನ್ನಬಲ್ಲ ನಾಲಗೆಯನ್ನು ಯಾವ ಪ್ರಭುವೂ ಕೊಳ್ಳಲಾರನು.

ಹೆದ್ದಾರಿಯ ನಾಲ್ಕು ದಿನಗಳು

ಫೆಬ್ರವರಿ 22ರ ಶನಿವಾರ ರಕ್ಷಣಾ ಮಂತ್ರಿ ಎನ್ರಿಲೆ ಮತ್ತು ಸೇನೆಯ ಉಪಮುಖ್ಯಸ್ಥ ರಾಮೋಸ್ ಮಾರ್ಕೋಸರನ್ನು ತೊರೆದು, ಎಡ್ಸಾ ಎಂಬ ಹೆದ್ದಾರಿಯ ಪಕ್ಕದ ಸೈನಿಕ ಶಿಬಿರಗಳಲ್ಲಿ ಅಲ್ಪ ಸೈನ್ಯದೊಡನೆ ಆಶ್ರಯ ಪಡೆದರು. ಆ ರಾತ್ರಿ ಮನಿಲಾದ ಕಾರ್ಡಿನಲ್ ಹೈಮೆ ಸಿನ್ ಅವರು ರೇಡಿಯೊ ವೆರಿತಾಸ್ ಮೂಲಕ ಜನರನ್ನು ಬೀದಿಗೆ ಕರೆದರು. ಅದಕ್ಕೂ ಮುನ್ನ ಅವರು ಮಠಗಳಲ್ಲಿ ಏಕಾಂತವಾಸ ಮಾಡುವ ಸಂನ್ಯಾಸಿನಿಯರಿಗೆ, ತಾವು ಮರಳಿ ತಿಳಿಸುವವರೆಗೂ ಉಪವಾಸವಿದ್ದು ಪ್ರಾರ್ಥಿಸಿರೆಂದು ಹೇಳಿಕಳುಹಿಸಿದ್ದರು. ಬೀದಿಯಲ್ಲಿ ನಿಲ್ಲುವವರಿಗೆ ಬೆನ್ನಾಗಿ ಹಸಿದು ಕುಳಿತವರಿದ್ದರು.

ಮರುದಿನ ಮಧ್ಯಾಹ್ನ ಜನರಲ್ ತಾದಿಯಾರರ ನೌಕಾಸೈನಿಕರು ಟ್ಯಾಂಕುಗಳೊಡನೆ ಬಂದರು. ದಾರಿಯಲ್ಲಿ ಜನಸಾಗರ. ಮುಂದೆ ಮೊಣಕಾಲೂರಿ ಜಪಮಾಲೆ ಎಣಿಸುತ್ತಿದ್ದ ಸಂನ್ಯಾಸಿನಿಯರು, ಮುದುಕರು, ಮಕ್ಕಳ ತಾಯಂದಿರು. ಜನರು ಸೈನಿಕರಿಗೆ ಹೂವನ್ನೂ ತಿಂಡಿಯನ್ನೂ ನೀರನ್ನೂ ಕೊಟ್ಟರು. ಟ್ಯಾಂಕುಗಳು ನಿಂತವು, ಬಳಿಕ ಹಿಂದಿರುಗಿದವು. ಫೆಬ್ರವರಿ 24ರ ಮುಂಜಾನೆ, ಬಂಡಾಯದ ಶಿಬಿರದ ಮೇಲೆ ಫಿರಂಗಿ ಹಾರಿಸಬೇಕೆಂದು ಕರ್ನಲ್ ಬಾಲ್ಬಾಸ್ ಎಂಬವರಿಗೆ ಮತ್ತೆ ಮತ್ತೆ ಆಜ್ಞೆಯಾಯಿತು. ಅಲ್ಲಿ ಸಾಮಾನ್ಯ ಜನರಿದ್ದರು. ಅವರು ಫಿರಂಗಿಗಳನ್ನು ಇನ್ನೂ ಹೂಡುತ್ತಿದ್ದೇವೆಂದು ಕಾಲ ಕಳೆದರು, ಹಾರಿಸಲಿಲ್ಲ. ಅದೇ ಬೆಳಿಗ್ಗೆ ದೂರದರ್ಶನದಲ್ಲಿ, ದಾಳಿ ಮಾಡಲು ಅನುಮತಿ ಬೇಡಿದ ಸೇನಾಪತಿ ವೆರ್ ಅವರಿಗೆ ಮಾರ್ಕೋಸರು ದಾಳಿ ಬೇಡವೆಂದರು. ಅನೇಕಾಂತವನ್ನು ನಂಬುವ ನಾವು ಅದನ್ನೂ ಮರೆಮಾಡಬಾರದು. 25ರ ರಾತ್ರಿ ಮಾರ್ಕೋಸರು ಅಮೆರಿಕದ ಹೆಲಿಕಾಪ್ಟರಿನಲ್ಲಿ ಅರಮನೆ ಬಿಟ್ಟು, ಅಲ್ಲಿಂದ ಹವಾಯಿ ದ್ವೀಪಕ್ಕೆ ಹೋದರು. ಕೊರಾಜಾನ್ ಅಕಿನೋ ಅಂದು ಬೆಳಿಗ್ಗೆಯೇ ಪ್ರಮಾಣವಚನ ಸ್ವೀಕರಿಸಿದ್ದರು.

ಇದು ಅಪ್ಪಟ ಅಹಿಂಸೆಯಾಗಿತ್ತೆಂದು ಹೇಳಿದರೆ ಸತ್ಯಾಣುವ್ರತಕ್ಕೆ ದೋಷ ಬರುತ್ತದೆ. ಶಿಬಿರದೊಳಗಿದ್ದವರು ಶಸ್ತ್ರಧಾರಿಗಳೇ, ಬಂಡಾಯದ ಪಕ್ಷದ ಹೆಲಿಕಾಪ್ಟರುಗಳು ವಾಯುನೆಲೆಯೊಂದರ ಮೇಲೆ ದಾಳಿ ಮಾಡಿದವು, ದೂರದರ್ಶನ ಕೇಂದ್ರದ ಬಳಿ ಗುಂಡಿನ ಕಾದಾಟ ನಡೆಯಿತು. ಆದರೆ ನಿರ್ಣಾಯಕವಾದುದು ಹೆದ್ದಾರಿಯ ಜನರ ನಡತೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ವಿಪರೀತರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ನಾವು ನಿತ್ಯ ಪಠಿಸುತ್ತೇವೆ. ಟ್ಯಾಂಕಿನ ಮೇಲೆ ಕುಳಿತ ಸೈನಿಕನನ್ನು ಶತ್ರುವೆನ್ನದೆ, ಹಸಿದಿರುವ ಯಾರದೋ ಮಗನೆಂದು ಕಂಡು ಅನ್ನ ನೀಡಿದಾಗ, ಅವನ ಕೈಯಲ್ಲಿದ್ದ ಬಂದೂಕು ನಿಷ್ಪ್ರಯೋಜಕವಾಯಿತು.

ಎರಡು ಸಂದೇಹಗಳು

ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗ ಕಡ್ಡಾಯ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನು ಪೂರ್ಣವಾಗಿ ಬಿಡಲಾರನು. ಆತ್ಮರಕ್ಷಣೆಗಾಗಿ ಎದುರಿಸಿದ್ದರೂ ಆ ಜನರನ್ನು ಶಾಸ್ತ್ರ ದೂಷಿಸುತ್ತಿರಲಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಆದರೆ ವಿನಾಯಿತಿ ಇದೆಯೆಂಬುದು ಅದನ್ನು ಬಳಸಲೇಬೇಕೆಂಬ ವಿಧಿಯಲ್ಲ. ರೋಗಿಗೆ ಉಪವಾಸದ ವಿನಾಯಿತಿಯಿದೆಯೆಂದು ಆರೋಗ್ಯವಂತನು ಉಣ್ಣುವನೇ? ಬಿಡಲು ಸಾಧ್ಯವಾದಷ್ಟನ್ನು ಬಿಡುತ್ತ ಹೋಗುವುದೇ ಶ್ರಾವಕನ ಪ್ರತಿಮೆಗಳ ಏಣಿ.

ಎರಡನೆಯದು ಹೆಚ್ಚು ಕಠಿಣ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೆಂಬುದಿದೆ. ರಾಜ್ಯಶಾಸನವನ್ನು ಮೀರುವುದು ದೋಷವಾದರೆ, ಸರ್ಕಾರವನ್ನು ಇಳಿಸುವುದು ಹೇಗೆ ಸಾಧು? ಈ ಅತಿಚಾರವು ಯಾವ ವ್ರತದ ಅಡಿಯಲ್ಲಿ ಬಂದಿದೆಯೆಂಬುದನ್ನು ನೋಡಬೇಕು. ಅದು ಕಳ್ಳತನದ ಪ್ರಕರಣ. ಸುಂಕ ತಪ್ಪಿಸುವುದು, ನಿಷೇಧಿಸಿದ ವಸ್ತುವನ್ನು ಕದ್ದು ಸಾಗಿಸುವುದು, ಹೀಗೆ ಸ್ವಲಾಭಕ್ಕಾಗಿ ಗುಟ್ಟಾಗಿ ಕಟ್ಟಳೆ ಮೀರುವುದನ್ನು ಅದು ಹೇಳುತ್ತದೆ. ಮನಿಲಾದ ಜನರು ಏನನ್ನೂ ಕದಿಯಲಿಲ್ಲ, ಗುಟ್ಟಾಗಿ ಏನನ್ನೂ ಮಾಡಲಿಲ್ಲ. ಕದ್ದುಹೋದ ತಮ್ಮ ಮತವನ್ನು ಹಗಲಿನಲ್ಲಿ, ಬರಿಗೈಯಲ್ಲಿ, ಮುಖ ತೋರಿಸಿ ಕೇಳಿದರು. ನನ್ನ ಅಲ್ಪಮತಿಗೆ ತೋರುವುದು ಇಷ್ಟು. ಶಾಸ್ತ್ರಜ್ಞರು ತಿದ್ದಿದರೆ ಉಪಕೃತನು.

ರಾಜ್ಯಕ್ಕಾಗಿ ಸೈನ್ಯಗಳು ಸಾಯಬೇಕಾಗಿಲ್ಲವೆಂಬುದು ನಮ್ಮ ಪರಂಪರೆಗೆ ಹೊಸ ಮಾತೂ ಅಲ್ಲ. ಭರತ ಬಾಹುಬಲಿಗಳ ಸೈನ್ಯಗಳು ಎದುರು ನಿಂತಾಗ, ಇಬ್ಬರು ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಇಷ್ಟು ಪ್ರಾಣಿಗಳು ಏಕೆ ಮಡಿಯಬೇಕೆಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಮಾತ್ರ ನಡೆದವು. ಗೆದ್ದವನು ಬಾಹುಬಲಿ. ಗೆದ್ದ ರಾಜ್ಯವನ್ನು ಬಿಟ್ಟು ನಡೆದವನೂ ಅವನೇ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ನಾವು ಅಭಿಷೇಕ ಮಾಡುವುದು ಗೆದ್ದವನಿಗೆಂದಲ್ಲ, ಗೆದ್ದು ಬಿಟ್ಟವನಿಗೆ.

ಪಾರಣೆ

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ನಾನು ಬಾಲ್ಯದಲ್ಲಿ ಮೊದಲ ಉಪವಾಸ ಮಾಡಿದಾಗ ಊರೆಲ್ಲ ಹೊಗಳಿತು. ಪಾರಣೆಯ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ನೂಕಿ ತಾಯಿಯ ಮೇಲೆ ಕೂಗಾಡಿದೆನು. ತಾಯಿ ಸಿಟ್ಟಾಗಲಿಲ್ಲ. "ನಿನ್ನೆ ಊಟ ಬಿಟ್ಟೆ ಮಗನೇ, ಉಪವಾಸ ಇವತ್ತು ಮಾಡಬೇಕಾಗಿತ್ತು" ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಫಿಲಿಪೈನ್ಸಿನ ಜನರ ಪಾರಣೆ ಹೇಗಿತ್ತು? ಒಳ್ಳೆಯದು ನಡೆಯಿತು. 1987ರ ಫೆಬ್ರವರಿಯಲ್ಲಿ ಜನರು ಒಪ್ಪಿದ ಹೊಸ ಸಂವಿಧಾನವು ಅಧ್ಯಕ್ಷನಿಗೆ 6 ವರ್ಷಗಳ ಒಂದೇ ಅವಧಿಯನ್ನು ನಿಗದಿ ಮಾಡಿತು. ಸೈನಿಕ ಶಾಸನ ಹೇರಿದರೆ ಅದಕ್ಕೆ 60 ದಿನಗಳ ಮಿತಿಯಿಟ್ಟು ಸಂಸತ್ತಿನ ಹತೋಟಿಗೆ ಒಳಪಡಿಸಿತು. ಇದು ಅಧಿಕಾರಕ್ಕೆ ಹಾಕಿದ ಪರಿಮಾಣ ವ್ರತ. ಕೊರಾಜಾನ್ ಅಕಿನೋ 1992ರಲ್ಲಿ ಅವಧಿ ಮುಗಿದೊಡನೆ ಪೀಠವನ್ನು ಬಿಟ್ಟುಕೊಟ್ಟರು.

ಕೆಟ್ಟದ್ದೂ ನಡೆಯಿತು. ಸಂವಿಧಾನಕ್ಕೆ ಜನರ ಒಪ್ಪಿಗೆ ದೊರಕುವ ಕೆಲವೇ ದಿನಗಳ ಮುನ್ನ, 1987ರ ಜನವರಿ 22ರಂದು, ಭೂಮಿ ಬೇಡಿ ಅರಮನೆಯ ಕಡೆಗೆ ಬಂದ ರೈತರ ಮೇಲೆ ಅದೇ ಹೊಸ ಸರ್ಕಾರದ ಪಡೆಗಳು ಗುಂಡು ಹಾರಿಸಿದವು; ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ವರ್ಷ ತುಂಬಿರಲಿಲ್ಲ. ಟ್ಯಾಂಕಿನ ಮುಂದೆ ಅನ್ನ ಹಿಡಿದು ನಿಂತ ಜನರ ಸರ್ಕಾರಕ್ಕೆ, ಅನ್ನ ಕೇಳಿ ಬಂದವರ ಮುಂದೆ ಆ ಸಂಯಮ ನೆನಪಾಗಲಿಲ್ಲ. ದೊಡ್ಡ ಜಮೀನುದಾರರ ಪರಿಗ್ರಹ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಮರೆವು ಬೆಳೆಯಿತು. 2022ರ ಮೇ ತಿಂಗಳ ಚುನಾವಣೆಯಲ್ಲಿ ಮಾರ್ಕೋಸರ ಮಗನೇ ಬಹುಮತದಿಂದ ಅಧ್ಯಕ್ಷನಾಗಿ ಆರಿಸಿಬಂದನು. ಅದು ಆ ಜನರ ಹಕ್ಕು. ನಾವು ತೀರ್ಪು ಹೇಳಬೇಕಾಗಿಲ್ಲ. ಆದರೆ ಪಾಠವನ್ನು ಬಿಡಬೇಕಾಗಿಯೂ ಇಲ್ಲ. ನಾಲ್ಕು ದಿನಗಳ ಅಹಿಂಸೆ ಒಬ್ಬ ಪ್ರಭುವನ್ನು ಇಳಿಸಬಲ್ಲದು. ಪ್ರಭುತ್ವದ ಮೂರ್ಛೆಯನ್ನು ಇಳಿಸಲು ಬಾಳಿಡೀ ವ್ರತ ಬೇಕು. ಉಪವಾಸದ ಪರೀಕ್ಷೆ ಉಪವಾಸದ ದಿನ ನಡೆಯುವುದಿಲ್ಲ. ಪಾರಣೆಯ ದಿನ ನಡೆಯುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೂರು ನಿಯಮಗಳನ್ನು ವಿನಯದಿಂದ ಸೂಚಿಸುತ್ತೇನೆ. ಶಕ್ತಿಯಿದ್ದಷ್ಟನ್ನು ಸ್ವೀಕರಿಸಿರಿ.

ಧಾರಣೆಯ ದಿನ, ಏಕಭುಕ್ತದ ಬಳಿಕ, ನಮ್ಮ ಬಾಳಿನ ಕೂಟಲೇಖ ಯಾವುದೆಂದು ಹುಡುಕೋಣ. ಅಂಗಡಿಯ ಎರಡನೆಯ ಲೆಕ್ಕದ ಪುಸ್ತಕವಿರಬಹುದು, ಕಚೇರಿಯಲ್ಲಿ ಹಾಕಿದ ಒಂದು ಸಹಿಯಿರಬಹುದು. ಒಂದು ಪರ್ವಕ್ಕೆ ಒಂದನ್ನಾದರೂ ಬಿಡೋಣ.

ಉಪವಾಸದ ದಿನ, ನಾವು ಹಿಡಿದುಕೊಂಡಿರುವ ಅಧಿಕಾರಕ್ಕೆ ಪರಿಮಾಣ ಹಾಕೋಣ. ಬಸದಿಯ ಟ್ರಸ್ಟಿನಲ್ಲಿ, ಸಮಾಜದ ಸಂಘದಲ್ಲಿ, ವಿದ್ಯಾರ್ಥಿನಿಲಯದ ಸಮಿತಿಯಲ್ಲಿ ಇಪ್ಪತ್ತು ವರ್ಷಗಳಿಂದ ಒಂದೇ ಕುರ್ಚಿಯಲ್ಲಿ ಕುಳಿತವರು ನಮ್ಮಲ್ಲಿಲ್ಲವೇ? ಮನೆಯ ಬೀಗದ ಕೈ ಗೊಂಚಲನ್ನು ಸೊಸೆಯ ಕೈಗೆ ಕೊಡಲಾರದ ಅತ್ತೆಯರಿಲ್ಲವೇ? ಮಾರ್ಕೋಸರನ್ನು ನಿಂದಿಸುವುದು ಸುಲಭ. ದೂರದವರನ್ನು ನಿಂದಿಸುವುದು ಯಾವಾಗಲೂ ಸುಲಭ.

ಪಾರಣೆಯ ದಿನ, ಮೊದಲ ತುತ್ತಿಗೆ ಮುಂಚೆ, ನಮಗಿಂತ ಕೆಳಗಿನವರೊಬ್ಬರ ಬೇಡಿಕೆಯನ್ನು ಕೋಪವಿಲ್ಲದೆ ಪೂರ್ತಿ ಕೇಳೋಣ. ಆಳಿನದಿರಲಿ, ಗೇಣಿದಾರನದಿರಲಿ, ಮಗುವಿನದಿರಲಿ.

ಆ ತರುಣನು ಎಲ್ಲವನ್ನೂ ಕೇಳಿ ಸುಮ್ಮನೆ ಕುಳಿತಿದ್ದನು. ಕ್ಷಮಾವಣಿಯ ದಿನ ಮತ್ತೆ ಬಂದು ಹೇಳಿದನು: ಅವನ ಅಜ್ಜಿ ಪಾರಣೆಗೆ ಕೂಡುವ ಮೊದಲು, ಗೋಡೆಯ ವ್ಯಾಜ್ಯದಿಂದ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ತಮ್ಮ ಓರಗಿತ್ತಿಯ ಮನೆಗೆ ತಾವೇ ಕೋಲೂರಿಕೊಂಡು ನಡೆದು ಹೋದರಂತೆ, ಇಬ್ಬರೂ ಒಂದೇ ಪಾತ್ರೆಯ ಗಂಜಿಯನ್ನು ಹಂಚಿಕೊಂಡು ಪಾರಣೆ ಮಾಡಿದರಂತೆ. "ಲೋಕದ ಅನ್ಯಾಯ ಎಷ್ಟು ಕಡಿಮೆಯಾಯಿತೋ ತಿಳಿಯದು ಪಂಡಿತರೇ, ನಮ್ಮ ಎರಡು ಮನೆಗಳ ನಡುವೆ ಬಾಗಿಲು ತೆರೆಯಿತು" ಎಂದನು. ಅಷ್ಟರಿಂದಲೇ ಆರಂಭವಾಗಬೇಕು, ಬೇರೆ ದಾರಿಯಿಲ್ಲ.

ಈ ಪ್ರವಚನದಲ್ಲಿ ಜಿನವಾಣಿಗೆ ವಿರೋಧವಾದ ಮಾತೇನಾದರೂ ಬಂದಿದ್ದರೆ ಸುಜ್ಞರು ಕ್ಷಮಿಸಿ ತಿದ್ದಬೇಕು. ಸಕಲ ಜೀವಿಗಳಿಗೂ ಕ್ಷೇಮವಾಗಲಿ, ಆಳುವವರು ಧಾರ್ಮಿಕರಾಗಿರಲಿ, ನಮ್ಮ ವ್ರತಗಳು ನಿರತಿಚಾರವಾಗಿ ನಡೆಯಲಿ.